ಎರಡನೆಯ ಬೆಳಗಿನ ರಕ್ತ

ಸೂಜಿ ಚುಚ್ಚಲು ಬರುವವರನ್ನು ಯಾರೂ ಎದುರು ನೋಡುತ್ತಾ ಕೂರುವುದಿಲ್ಲ. ಆದರೆ ಆ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಬೆಳಗಾದರೆ ಸಾಕು, ರೋಗಿಗಳು ಬಾಗಿಲ ಕಡೆ ಕತ್ತು ಚಾಚುತ್ತಿದ್ದರು. ತಳ್ಳುಗಾಡಿಯೊಂದು ಕಿರ್ರೆನ್ನುತ್ತ ಒಳಗೆ ಬರುತ್ತಿತ್ತು. ಅದರ ಮೇಲೆ ಟ್ಯೂಬುಗಳು, ಹತ್ತಿ, ರಬ್ಬರ್ ಪಟ್ಟಿ, ಸೂಜಿಗಳ ಪೊಟ್ಟಣ. ಅದರ ಹಿಂದೆ ದುಂಡು ಮುಖದ, ದೊಡ್ಡ ಗಂಟಲಿನ ಒಬ್ಬ ಹೆಂಗಸು. ವಾರ್ಡ್ ಗುಡಿಸುವ ಆಯಾ ಒಬ್ಬಳು ಎಂದೋ ಒಂದು ದಿನ "ಬಂದ್ಳು ನೋಡಿ ನಮ್ಮ ಸೂಜಿಮಲ್ಲಿಗೆ" ಎಂದಿದ್ದಳು. ಹೆಸರು ಅಂಟಿಕೊಂಡಿತು. ಡಾಕ್ಟರುಗಳೂ ಹಾಗೆಯೇ ಕರೆಯತೊಡಗಿದರು. ಅಪ್ಪ ಅಮ್ಮ ಆಸೆಪಟ್ಟು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಅವಳು ಈ ಕೆಲಸಕ್ಕೆ ಬಂದದ್ದು ಫ್ಯಾನಿನ ದೆಸೆಯಿಂದ. ಮೊದಲು ಅದೇ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. "ಒಂದು ನಿಮಿಷ, ಲೈನ್ ಕೊಡ್ತೀನಿ" ಎಂದು ದಿನವಿಡೀ ಹೇಳಿ ಹೇಳಿ ಅವಳ ದನಿ ಎಂಥ ಸಿಡುಕರನ್ನೂ ತಣ್ಣಗೆ ಮಾಡುವಷ್ಟು ಪಳಗಿತ್ತು. ಆಮೇಲೆ ಒಂದು ಯಂತ್ರ ಬಂತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಅದೇ ಹೇಳತೊಡಗಿತು. ಆಡಳಿತದವರು ಅವಳನ್ನು ಕರೆದು, ಬಟ್ಟೆ ಉಗ್ರಾಣಕ್ಕೆ ಹೋಗುತ್ತೀರೋ, ಲ್ಯಾಬಿನಲ್ಲಿ ಕೆಲಸ ಕಲಿಯುತ್ತೀರೋ ಎಂದು ಕೇಳಿದರು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಫ್ಯಾನ್ ಎಲ್ಲಿದೆ?" ಲ್ಯಾಬಿನಲ್ಲಿತ್ತು. ಹೀಗೆ ನಮ್ಮ ಬದುಕಿನ ದೊಡ್ಡ ನಿರ್ಧಾರಗಳನ್ನೆಲ್ಲ ಸಣ್ಣ ಸಂಗತಿಗಳೇ ತೆಗೆದುಕೊಂಡುಬಿಡುತ್ತವೆ; ನಾವು ಆಮೇಲೆ ಅದಕ್ಕೊಂದು ಗಂಭೀರ ಕಾರಣ ಹುಡುಕುತ್ತೇವೆ.

ರಕ್ತ ತೆಗೆಯುವುದು ಕೈಯ ಕೆಲಸ ಎಂದು ನಾವೆಲ್ಲ ತಿಳಿದಿದ್ದೇವೆ. ಅವಳ ಪ್ರಕಾರ ಅದು ಮುಕ್ಕಾಲು ಪಾಲು ಬಾಯಿಯ ಕೆಲಸ. ಕಾಲು ಮುರಿದುಕೊಂಡ ಕ್ಷೌರಿಕನೊಬ್ಬ ಸೂಜಿ ಕಂಡು ಗೋಡೆಗೆ ಅಂಟಿಕೊಂಡಿದ್ದಾಗ ಅವಳು ಅವನ ತೋಳಿಗೆ ಪಟ್ಟಿ ಕಟ್ಟುತ್ತಾ, "ಅಣ್ಣಾ, ಎಂಥ ತಲೆ ಕಂಡ್ರೆ ನಿಮ್ಮ ಕತ್ತರಿಗೆ ಜೀವ ಹೋಗುತ್ತೆ?" ಎಂದು ಕೇಳಿದಳು. ಅವನು ಎರಡು ಸುಳಿಯ ತಲೆಗಳ ವಿಷಯ ಶುರು ಮಾಡಿದ. ಸುಳಿಗಳು ಎದುರುಬದುರು ತಿರುಗಿದರೆ ಏನಾಗುತ್ತದೆ ಎಂಬಲ್ಲಿಗೆ ಬಂದಾಗ ಅವಳು ಹತ್ತಿ ಒತ್ತಿ, "ಇದನ್ನ ಹೀಗೇ ಹಿಡ್ಕೊಳ್ಳಿ" ಎಂದಳು.

"ಚುಚ್ಚಿದ್ರಾ? ಯಾವಾಗ?"

"ಎಡಗಡೆ ಸುಳಿ ಹತ್ರ."

ಹೊರಡುವ ಮೊದಲು ಎಲ್ಲರಿಗೂ ಅವಳದೊಂದು ಭರವಸೆ ಇರುತ್ತಿತ್ತು. "ಮುಖ ನೋಡಿದ್ರೇ ಗೊತ್ತಾಗುತ್ತೆ. ನೀವು ಬೇಗ ಎದ್ದು ಓಡಾಡ್ತೀರಿ." ಇದು ಬರೀ ಬಾಯಿಮಾತಲ್ಲ, ಅವಳು ಹಾಗೆಯೇ ನಂಬಿದ್ದಳು. ಮುಖ ಓದುವುದರಲ್ಲಿ ತಾನು ಎತ್ತಿದ ಕೈ ಎಂಬ ಜಂಬ ಅವಳಿಗಿತ್ತು. ಇಷ್ಟು ವರ್ಷದಲ್ಲಿ ಅವಳಿಗೆ ಮಣಿಯದೆ ಉಳಿದ ಮುಖ ಒಂದೇ ಒಂದು. ಅದು ಅವಳ ಅತ್ತೆಯದು.

ಅತ್ತೆ ಬಟ್ಟೆ ಗಿರಣಿಯಲ್ಲಿ ನೇಯ್ಗೆಯ ದೋಷ ಹುಡುಕುವ ಕೆಲಸದಲ್ಲಿದ್ದವರು. ದೀಪದ ಮೇಲೆ ಹಾದುಹೋಗುವ ಬಟ್ಟೆಯಲ್ಲಿ ತಪ್ಪಿದ ಎಳೆ, ಬಿದ್ದ ಗಂಟು, ಎಣ್ಣೆಯ ಚುಕ್ಕೆ ಇವನ್ನು ಕಂಡುಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಗಿರಣಿಯಿಂದ ನಿವೃತ್ತರಾದರು, ಕೆಲಸದಿಂದ ಆಗಲಿಲ್ಲ. ಸೊಸೆ ಬಂದ ದಿನದಿಂದಲೂ ಅತ್ತೆಯ ಕಣ್ಣು ಅವಳ ಮೇಲೆ ಬಟ್ಟೆಯ ಮೇಲೆ ಹರಿದಂತೆಯೇ ಹರಿಯುತ್ತಿತ್ತು. ಚಪಾತಿ ದುಂಡಗಿದ್ದರೆ ದಪ್ಪ, ತೆಳ್ಳಗಿದ್ದರೆ ಸೊಟ್ಟ. ಬೇಗ ಎದ್ದರೆ ಸದ್ದು, ತಡವಾಗಿ ಎದ್ದರೆ ಸೋಮಾರಿತನ. ಕೆಟ್ಟವರಲ್ಲ, ಸೊಸೆಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, "ಜ್ವರಾನೂ ಸರಿಯಾಗಿ ಬರ್ಸ್ಕೊಳ್ಳಕ್ಕೆ ಬರಲ್ಲ ಇವಳಿಗೆ" ಎಂದು ಬೈದವರು. ಆದರೆ ಒಂದು ಒಳ್ಳೆಯ ಮಾತು? ಊಹೂಂ. ತನ್ನ ಮದುವೆಯಾಗಿ, ಹುಟ್ಟಿದ ಮಗಳು ಕಾಲೇಜು ಮುಗಿಸಿ ಹಾಸ್ಟೆಲಿನಲ್ಲಿದ್ದುಕೊಂಡು ಕೆಲಸಕ್ಕೆ ಹೋಗುವಷ್ಟು ಕಾಲವಾದರೂ ಸೂಜಿಮಲ್ಲಿಗೆ ಅದಕ್ಕಾಗಿ ಕಾಯುತ್ತಲೇ ಇದ್ದಳು. ಕಾಯುತ್ತಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಇಬ್ಬರ ನಡುವೆ ಅವಳ ಗಂಡ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ಕೂರಿಸುವವನು. ಮನೆಯಲ್ಲಿ ಮಾತಿಗೆ ಮಾತು ಬೆಳೆದ ಕೂಡಲೇ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಲು ಶುರು ಮಾಡುತ್ತಿದ್ದ. ಕಣ್ಣು ಕಾಣದಿದ್ದರೆ ಕಿವಿಯೂ ಕೇಳುವುದಿಲ್ಲ ಎಂಬುದು ಅವನ ಸಿದ್ಧಾಂತ. ಅವನ ಕನ್ನಡಕದಷ್ಟು ಶುಭ್ರವಾದ ಕನ್ನಡಕ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಇಂಥ ಅತ್ತೆ ಒಂದು ದಿನ ಸ್ಟೂಲಿನ ಮೇಲೆ ಹತ್ತಿದರು. ಬೀರುವಿನ ತಲೆಯ ಮೇಲೆ ಸೊಸೆ ಧೂಳು ಒರೆಸಿದ್ದಾಳೋ ಇಲ್ಲವೋ ನೋಡಲು. ಬೆರಳಾಡಿಸಿದರು, ಧೂಳಿರಲಿಲ್ಲ. ನಂಬಿಕೆ ಬರಲಿಲ್ಲ. ಹಿಂದಿನ ಮೂಲೆಯಲ್ಲಾದರೂ ಇದ್ದೇ ಇರಬೇಕು ಎಂದು ಇನ್ನಷ್ಟು ಬಗ್ಗಿದರು. ಸ್ಟೂಲು ಜಾರಿತು, ಸೊಂಟದ ಕೆಳಗಿನ ಮೂಳೆ ಮುರಿಯಿತು. ಆಂಬುಲೆನ್ಸಿನಲ್ಲಿ ಹಲ್ಲು ಕಚ್ಚಿ ಮಲಗಿದ್ದವರು ಸೊಸೆಯ ಕಡೆ ತಿರುಗಿ, "ನೀನು ಅಷ್ಟು ಚೆನ್ನಾಗಿ ಒರೆಸದೇ ಇದ್ದಿದ್ರೆ ನಾನು ಆ ಮೂಲೆ ತನಕ ಬಗ್ತಾನೇ ಇರ್ಲಿಲ್ಲ" ಎಂದರು. ಗಂಡ ಕನ್ನಡಕ ತೆಗೆದ.

ಅತ್ತೆ ಸೇರಿದ್ದು ಸೂಜಿಮಲ್ಲಿಗೆಯ ವಾರ್ಡಿಗೇ. ಆಪರೇಷನ್ನಿಗೆ ಮೊದಲು ರಕ್ತ ಬೇಕಾಯಿತು. "ಇವಳು ಬೇಡ. ಮನೇಲಿ ಹೀರಿದ್ದು ಸಾಲ್ದು ಅಂತ ಇಲ್ಲೂನಾ?" ಎಂದು ಅತ್ತೆ ಕೈ ಹೊದಿಕೆಯೊಳಗೆ ಎಳೆದುಕೊಂಡರು. ಲ್ಯಾಬಿನ ಹಿರಿಯರೊಬ್ಬರು ಬಂದು ಆ ತೋಳಲ್ಲಿ ಹುಡುಕಿದರು, ಈ ತೋಳಲ್ಲಿ ಹುಡುಕಿದರು. ಅತ್ತೆಯ ನರಗಳು ಅವರ ಹೊಗಳಿಕೆಯ ಹಾಗೆ, ಇದ್ದರೂ ಸಿಗುವಂಥವಲ್ಲ. ಕೊನೆಗೆ ಸೂಜಿಮಲ್ಲಿಗೆಯೇ ಬಂದು ಒಂದೇ ಸಲಕ್ಕೆ ತೆಗೆದಳು.

"ಹೇಗಾಯ್ತು ಅತ್ತೆ?"

"ಇರುವೆ ಕಚ್ಚಿದ ಹಾಗಾಯ್ತು." ಅವಳ ಮುಖ ಅರಳುವಷ್ಟರಲ್ಲಿ ಅತ್ತೆ ಮುಂದುವರಿಸಿದರು, "ಇರುವೆ ಕಚ್ಚಿದ್ರೂ ಉರಿಯುತ್ತೆ."

ಆ ರಕ್ತದ ಫಲಿತಾಂಶ ನೋಡಿದವರು ಎದೆ ಡಾಕ್ಟರ್. ಹೃದಯದ ಡಾಕ್ಟರಿಗೆ ವಾರ್ಡಿನವರು ಇಟ್ಟ ಹೆಸರು ಅದು. ಚಿಕ್ಕ ಆಳಿನ ಹೆಂಗಸು, ಚುರುಕು ಹೆಜ್ಜೆ. ಅವರು ಹೋದ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿಸುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಅವರು ಈ ಆಸ್ಪತ್ರೆಗೆ ಬಂದ ಮೇಲೆ ಒಂದು ಹೊಸ ಕ್ರಮ ತಂದಿದ್ದರು. ವಯಸ್ಸಾದ ಯಾರಿಗೇ ದೊಡ್ಡ ಆಪರೇಷನ್ ಆಗಲಿ, ಮೊದಲೊಮ್ಮೆ ರಕ್ತ ತೆಗೆಯಬೇಕು. ಆಪರೇಷನ್ ಆದ ಮೇಲೆ ಮೂರು ಬೆಳಗೂ ಮತ್ತೆ ತೆಗೆಯಬೇಕು. ವಾರ್ಡಿನವರ ಬಾಯಲ್ಲಿ ಅದು "ಮೂರು ಬೆಳಗಿನ ರಕ್ತ" ಆಗಿತ್ತು. ಶುರುವಿನಲ್ಲಿ ಎಲ್ಲರೂ ಗೊಣಗಿದರು. ಮುರಿದದ್ದು ಕಾಲು, ನೋಡುವುದು ಹೃದಯ, ಇದೆಂಥ ಲೆಕ್ಕ ಎಂದು.

ಎದೆ ಡಾಕ್ಟರ್ ಒಂದು ದಿನ ಲ್ಯಾಬಿನ ಕಿಟಕಿಗೆ ಒರಗಿ ಅದನ್ನು ಬಿಡಿಸಿ ಹೇಳಿದ್ದರು. ಆಪರೇಷನ್ ಅಂದರೆ ಹೃದಯಕ್ಕೆ ಬೆಟ್ಟ ಹತ್ತಿಸಿದ ಹಾಗೆ. ಕೆಲವರ ಹೃದಯಕ್ಕೆ ಆಗ ಒಳಗೊಳಗೇ ಪೆಟ್ಟಾಗುತ್ತದೆ. ಬೇರೆ ದಿನವಾಗಿದ್ದರೆ ಎದೆ ಹಿಂಡುತ್ತಿತ್ತು, ರೋಗಿ ಕೂಗುತ್ತಿದ್ದ. ಆದರೆ ಆಪರೇಷನ್ ಆದವರಿಗೆ ನೋವಿನ ಔಷಧಿ ಹೋಗುತ್ತಲೇ ಇರುತ್ತದಲ್ಲ, ಕಾಲಿನ ನೋವಿನ ಜೊತೆ ಎದೆಯ ನೋವೂ ಮುಚ್ಚಿಹೋಗುತ್ತದೆ. ನಗುತ್ತಾ ಕೂತಿರುತ್ತಾರೆ. ಪೆಟ್ಟು ಬಿದ್ದ ಹೃದಯದಿಂದ ಟ್ರೋಪೋನಿನ್ ಅನ್ನುವ ಒಂದು ಪ್ರೋಟೀನ್ ಮಾತ್ರ ರಕ್ತಕ್ಕೆ ಸೋರುತ್ತದೆ. ಮೊದಲಿನ ಅಂಕಿಗೂ ಈಗಿನ ಅಂಕಿಗೂ ಹೋಲಿಸಿ ನೋಡಿದರೆ ಸಿಕ್ಕಿಬೀಳುತ್ತದೆ. ಬೇಗ ಸಿಕ್ಕರೆ ಔಷಧಿ ಇದೆ. ಬಿಟ್ಟರೆ, ಮನೆಗೆ ಹೋದ ಮೇಲೆ ಒಂದು ದಿನ ಸುಮ್ಮನೆ ಕುಸಿದು ಬೀಳುತ್ತಾರೆ; ಕಾಲು ಚೆನ್ನಾಗಿಯೇ ಕೂಡಿಕೊಂಡಿರುತ್ತದೆ.

ಅದೇ ರಕ್ತದಲ್ಲಿ ಮಾಡುವ ಇನ್ನೊಂದು ಪರೀಕ್ಷೆ ಆಪರೇಷನ್ನಿಗೆ ಮೊದಲೇ ಹೃದಯ ಎಷ್ಟು ದಣಿದಿದೆ ಎಂದು ತೋರಿಸುತ್ತದೆ. ಅತ್ತೆಯದು ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಎದೆ ಡಾಕ್ಟರ್ ಸೂಜಿಮಲ್ಲಿಗೆಯನ್ನು ಪಕ್ಕಕ್ಕೆ ಕರೆದು, "ನಿಮ್ಮ ಅತ್ತೆಯವರದು ಮೂರು ಬೆಳಗೂ ತಪ್ಪಬಾರ್ದು. ಅವರ ಮೇಲೆ ನನಗೊಂದು ಕಣ್ಣಿದೆ" ಎಂದರು.

"ನನ್ನ ಮೇಲೆ ಅವರ ಎರಡೂ ಕಣ್ಣಿದೆ ಮೇಡಂ, ತಪ್ಪಲ್ಲ" ಎಂದಳು ಸೂಜಿಮಲ್ಲಿಗೆ.

ಆಪರೇಷನ್ ಸಸೂತ್ರವಾಗಿ ಮುಗಿಯಿತು. ಮೊದಲ ಬೆಳಗು ಅತ್ತೆ ಎಂದಿನಂತೆಯೇ ಇದ್ದರು. ದಿಂಬು ಸರಿಯಿಲ್ಲ, ಗಂಜಿ ನೀರು ನೀರು, ಪರದೆಯ ಹೊಲಿಗೆ ಸೊಟ್ಟ. ರಕ್ತ ತೆಗೆಯುವಾಗ ಸೂಜಿಮಲ್ಲಿಗೆಯ ಉಗುರಿನ ಬಣ್ಣದ ಬಗ್ಗೆಯೂ ಎರಡು ಮಾತಾಯಿತು. ಅಂಕಿ ಮೊದಲಿನಷ್ಟೇ ಇತ್ತು.

ಎರಡನೆಯ ಬೆಳಗು ಅವಳು ತಳ್ಳುಗಾಡಿ ನಿಲ್ಲಿಸಿದಾಗ ಅತ್ತೆ ದಿಂಬಿಗೆ ಒರಗಿ ಪಕ್ಕದ ಹಾಸಿಗೆಯ ಟೀಚರಮ್ಮನ ಜೊತೆ ಹರಟುತ್ತಿದ್ದರು. ಮಂಡಿಯ ಆಪರೇಷನ್ ಮಾಡಿಸಿಕೊಂಡಿದ್ದ ಆ ಟೀಚರಮ್ಮನಿಗೆ ಗಿರಣಿಯ ಕಥೆಗಳೆಂದರೆ ಎಲ್ಲಿಲ್ಲದ ಆಸೆ. ಅತ್ತೆಯ ಮುಖ ತಿಳಿಯಾಗಿತ್ತು, ನಗುವಿತ್ತು. ಸೊಸೆಯನ್ನು ಕಂಡವರೇ ಮೆಲ್ಲಗೆ ಅವಳ ಮಣಿಕಟ್ಟು ಹಿಡಿದರು.

"ಟೀಚರಮ್ಮ, ಇವಳೇ ನಾನು ಹೇಳ್ತಿದ್ದೋಳು. ಹೆಸರಿಗೆ ಸೊಸೆ. ನನಗೆ ಮಗಳೇ ಅಂತ ತಿಳ್ಕೊಳ್ಳಿ."

ಸೂಜಿಮಲ್ಲಿಗೆಗೆ ಕೈಯಲ್ಲಿದ್ದ ರಬ್ಬರ್ ಪಟ್ಟಿ ಏನು, ಯಾತಕ್ಕೆ ಎಂಬುದೇ ಮರೆತುಹೋಯಿತು.

"ನೋಡಮ್ಮ," ಎಂದರು ಅತ್ತೆ, ಅದೇ ಮೆತ್ತನೆಯ ದನಿಯಲ್ಲಿ. ಅಮ್ಮ ಅಂತೆ! "ತೋಳೆಲ್ಲ ನೀಲಿಗಟ್ಟಿದೆ. ಇವತ್ತೊಂದಿನ ಬಿಟ್ಬಿಡು. ಚೆನ್ನಾಗಿದೀನಿ ನೋಡು, ಎಲ್ಲೂ ಏನೂ ನೋವಿಲ್ಲ. ಮಗಳಾದ್ರೆ ಅಷ್ಟು ಮಾಡಲ್ವಾ?"

ಬೇರೆ ಯಾವ ರೋಗಿ ಹೀಗೆ ಕೇಳಿದ್ದರೂ ಅವಳು ನಗಿಸಿ, ಮರೆಸಿ, ಟ್ಯೂಬು ತುಂಬಿಸಿಕೊಂಡು ಹೋಗುತ್ತಿದ್ದಳು. ಆದರೆ ಇಷ್ಟು ವರ್ಷ ಬಾಯಾರಿದವಳ ಮುಂದೆ ಯಾರೋ ತಂಬಿಗೆ ತುಂಬ ನೀರು ಹಿಡಿದಿದ್ದರು. ಅತ್ತೆಯ ಮುಖ ನೋಡಿದಳು. ಬಣ್ಣ ಚೆನ್ನಾಗಿದೆ, ಉಸಿರು ಚೆನ್ನಾಗಿದೆ. ಮಧ್ಯಾಹ್ನ ತೆಗೆದರಾಯಿತು, ಇಲ್ಲವೇ ನಾಳೆ ಹೇಗೂ ಇದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಖಾಲಿ ಟ್ಯೂಬನ್ನು ತಟ್ಟೆಗೆ ಹಾಕಿ, "ಆಯ್ತು ಅತ್ತೆ, ಮಲಗಿ" ಎಂದು ಹೊದಿಕೆ ಸರಿಮಾಡಿ ಹೊರಟೇಬಿಟ್ಟಳು. ಉಳಿದ ಹಾಸಿಗೆಗಳ ಕೆಲಸ ಹೇಗೆ ಮುಗಿಯಿತೋ ಅವಳಿಗೆ ತಿಳಿಯಲಿಲ್ಲ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೆಟ್ಟಿಲ ಬಳಿ ನಿಂತು ಗಂಡನಿಗೆ ಫೋನ್ ಮಾಡಿದಳು. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಫಿ ಕುಡಿಯುವುದು ಸಾಧ್ಯವೇ?

"ರೀ, ಅತ್ತೆ ನನ್ನನ್ನ ಮಗಳು ಅಂದ್ರು. ಎಲ್ಲರ ಎದುರಿಗೆ. ಅಮ್ಮ ಅಂತಲೂ ಅಂದ್ರು."

ಆ ಕಡೆ ಗಾಜು ಉಜ್ಜುವ ಯಂತ್ರದ ಸದ್ದು ನಿಂತಿತು. "ನಮ್ಮಮ್ಮಾನಾ?"

"ಮತ್ತೆ ಪಕ್ಕದ ಮನೆ ಅಮ್ಮಾನಾ?"

"ನಮ್ಮಮ್ಮ ಹಾಗಂದ್ಳಾ? ಮೈ ಗಿಯ್ ಸರಿ ಇದೆಯೇನೇ ಅವಳಿಗೆ?"

ಅವನು ತಮಾಷೆಗೆ ಅಂದದ್ದು. ಅವಳೂ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಗುತ್ತಾ ನಗುತ್ತಾ ಒಂದು ಮೆಟ್ಟಿಲು ಇಳಿದಳು, ಅಲ್ಲೇ ನಿಂತಳು. ನಗು ಎಲ್ಲಿ ಹೋಯಿತೋ.

ಅತ್ತೆ ಇವತ್ತು ದಿಂಬಿನ ಬಗ್ಗೆ ಏನೂ ಅಂದಿರಲಿಲ್ಲ. ಗಂಜಿಯ ಬಟ್ಟಲು ಅರ್ಧ ಹಾಗೇ ಇತ್ತು. ಆದರೆ ಗಂಜಿಗೆ ಬೈಗುಳ ಬಿದ್ದಿರಲಿಲ್ಲ. ಪರದೆಯ ಹೊಲಿಗೆ ಇನ್ನೂ ಸೊಟ್ಟಗೇ ಇತ್ತು. ಇಷ್ಟು ವರ್ಷ ದೀಪದ ಮೇಲೆ ಬಟ್ಟೆ ಹಾಯಿಸಿದ ಕಣ್ಣು ಇವತ್ತು ಯಾವ ದೋಷವನ್ನೂ ಹುಡುಕದೆ ಸುಮ್ಮನೆ ಮಲಗಿತ್ತು. ಜಗಳಕ್ಕೆ ಬೇಕಾದ ಶಕ್ತಿ ಇಲ್ಲದೆ ಅತ್ತೆ ಸಿಹಿಯಾಗಿದ್ದರೆ? ತಾನು ಓದಿದ್ದು ಅತ್ತೆಯ ಮುಖವನ್ನಲ್ಲ, ತನ್ನ ಆಸೆಯನ್ನು. ಮೂರು ಬೆಳಗೂ ತಪ್ಪಬಾರದು ಎಂದು ಅಷ್ಟು ಸ್ಪಷ್ಟವಾಗಿ ಹೇಳಿಸಿಕೊಂಡವಳು ಖಾಲಿ ಟ್ಯೂಬು ಹಿಡಿದು ಕುಣಿದುಕೊಂಡು ಬಂದಿದ್ದಳು.

"ಏನಾಯ್ತೇ? ಇದೀಯಾ?" ಎಂದು ಗಂಡ ಕೇಳುತ್ತಿದ್ದ. ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

ಅತ್ತೆ ಕಥೆಯ ನಡುವೆ ಇದ್ದರು. ಗಿರಣಿಯ ಯಜಮಾನ ಬಂದು ನಿಂತಿದ್ದ, ಅವನ ಸ್ವಂತ ಅಂಗಿಯ ಬಟ್ಟೆಯಲ್ಲೇ ಅತ್ತೆ ದೋಷ ಕಂಡುಹಿಡಿದಿದ್ದರು, ಟೀಚರಮ್ಮ ಬಾಯಿ ತೆರೆದು ಕೇಳುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ತಳ್ಳುಗಾಡಿ ಬಂದು ಮಂಚಕ್ಕೆ ತಾಗಿತು.

"ಅತ್ತೆ, ತೋಳು ಕೊಡಿ."

"ಈಗ್ಲೇ ಹೇಳಿದ್ನಲ್ಲಮ್ಮ."

"ಹೇಳಿದ್ರಿ. ನಾನೂ ಕೇಳ್ದೆ. ತಪ್ಪು ಮಾಡ್ದೆ. ಕೊಡಿ."

ಮೆತ್ತನೆಯ ದನಿ ಮಾಯವಾಯಿತು. "ಏನೇ ಇದು? ಒಂದು ಒಳ್ಳೇ ಮಾತಾಡಿದ್ದಕ್ಕೆ ಇದಾ ಮರ್ಯಾದೆ? ಟೀಚರಮ್ಮ, ನೋಡಿದ್ರಾ? ತಲೆ ಮೇಲೆ ಕೂರಿಸ್ಕೊಂಡ್ರೆ ಹೀಗೇ! ಮಗಳೂ ಇಲ್ಲ, ಗಿಗಳೂ ಇಲ್ಲ. ಆಡಿದ ಮಾತು ವಾಪಸ್ ತಗೊಂಡೆ, ಹೋಗು."

ವಾರ್ಡಿಗೆ ವಾರ್ಡೇ ಈ ಕಡೆ ತಿರುಗಿತ್ತು. ಇಷ್ಟು ಕಾಲಕ್ಕೆ ಸಿಕ್ಕಿದ್ದ ಮಾತು, ಕಾಫಿ ಆರುವಷ್ಟು ಹೊತ್ತೂ ಕೈಯಲ್ಲಿ ಉಳಿಯಲಿಲ್ಲ. ಎಂಥವರನ್ನೂ ಮಾತಿನಲ್ಲಿ ಮೈಮರೆಸುವವಳಿಗೆ ಇವತ್ತು ಒಂದು ತಮಾಷೆಯೂ ನಾಲಿಗೆಗೆ ಬರಲಿಲ್ಲ.

"ತಗೊಳ್ಳಿ ಅತ್ತೆ," ಎಂದಳು. "ಮಾತು ವಾಪಸ್ ತಗೊಳ್ಳಿ. ಬೈಯಿರಿ. ಮನೆಗೆ ಬಂದ್ಮೇಲೆ ಒಂದು ವರ್ಷ ಮಾತಾಡಿಸ್ಬೇಡಿ. ಆದ್ರೆ ಮನೆಗೆ ಬನ್ನಿ. ತೋಳು ಕೊಡಿ."

ಅತ್ತೆ ಅವಳ ಮುಖವನ್ನೇ ನೋಡಿದರು. ಬಟ್ಟೆ ನೋಡುವ ನೋಟ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ತೋಳನ್ನು ಈ ಕಡೆ ಎಸೆದರು. ನೀಲಿಗಟ್ಟಿದ್ದ ಜಾಗ ಬಿಟ್ಟು ಕೆಳಗೆ, ಮುಂಗೈಯಲ್ಲಿ ಒಂದು ಸಣ್ಣ ನರ ಸಿಕ್ಕಿತು. ಟ್ಯೂಬು ತುಂಬುವ ತನಕ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅದು ಅವಳ ಕೆಲಸದ ಬದುಕಿನಲ್ಲೇ ಮಾತಿಲ್ಲದೆ ತೆಗೆದ ಮೊದಲ ರಕ್ತ.

ಲ್ಯಾಬಿನ ಯಂತ್ರದ ಮುಂದೆ ಕಾಯುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಇಷ್ಟು ವರ್ಷ ಅವಳು ಟ್ಯೂಬು ಇಟ್ಟು ಹೋಗುತ್ತಿದ್ದಳು. ಅಂಕಿಗಳು ಬೇರೆಯವರ ಪಾಡು. ಇವತ್ತು ಫ್ಯಾನಿನ ಕೆಳಗೆ ನಿಂತೂ ಬೆವರುತ್ತಿದ್ದಳು. ಪರದೆಯ ಮೇಲೆ ಅಂಕಿ ಬಂತು. ಲ್ಯಾಬಿನ ಹಿರಿಯರು ನೋಡಿದರು, ಕನ್ನಡಕ ಮೇಲೇರಿಸಿ ಮತ್ತೊಮ್ಮೆ ನೋಡಿದರು. ನಿನ್ನೆಯ ಅಂಕಿಯ ಎಷ್ಟೋ ಪಟ್ಟು. ಅವರು ತಕ್ಷಣ ಫೋನ್ ಎತ್ತಿಕೊಂಡರು.

ಈ ಸಲ ಎದೆ ಡಾಕ್ಟರ್ ತಮ್ಮ ಚಪ್ಪಲಿಯ ಸದ್ದಿಗಿಂತ ತುಂಬಾ ಮೊದಲೇ ಬಂದರು. ಇಸಿಜಿ ಆಯಿತು, ಹೃದಯದ ಸ್ಕ್ಯಾನ್ ಆಯಿತು, ಅತ್ತೆಯನ್ನು ಮಂಚ ಸಮೇತ ಕೊನೆಯ ಕೋಣೆಗೆ ಸಾಗಿಸಿದರು. ಅಲ್ಲಿ ಎದೆಗೆ ತಂತಿ, ತಲೆಯ ಬಳಿ ಟಿಕ್ ಟಿಕ್ ಎನ್ನುವ ಪೆಟ್ಟಿಗೆ. ಔಷಧಿಗಳು ಬದಲಾದವು. ಅತ್ತೆ ಇಷ್ಟಕ್ಕೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನನಗೇನೂ ಆಗಿಲ್ಲ. ಎದೆ ನೋಯ್ತಾನೇ ಇಲ್ಲ." ಅದು ನಿಜವೂ ಆಗಿತ್ತು.

ಕೋಣೆಯ ಹೊರಗೆ ಸೂಜಿಮಲ್ಲಿಗೆ ಎದೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಮಗಳು ಅಂದದ್ದು, ಬಿಟ್ಟು ಹೋದದ್ದು, ವಾಪಸ್ ಬಂದದ್ದು. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಳು.

"ನನ್ನ ಅತ್ತೆ ನನಗೆ ಹಾಗಂದಿದ್ರೆ," ಎಂದರು ಡಾಕ್ಟರ್, "ನಾನು ಆಸ್ಪತ್ರೆಗೇ ರಜಾ ಕೊಟ್ಬಿಡ್ತಿದ್ದೆ." ಆಮೇಲೆ ನಗು ನಿಲ್ಲಿಸಿ, "ಮತ್ತೆ ಹಾಗೆ ಮಾಡ್ಬೇಡಿ. ಮುಖ ಸುಳ್ಳು ಹೇಳುತ್ತೆ ಅಂತಲ್ಲ, ಪಾಪ, ಅದಕ್ಕೂ ಗೊತ್ತಿರಲ್ಲ. ಇವತ್ತೇ ಸಿಕ್ತಲ್ಲ, ಒಳ್ಳೇದಾಯ್ತು. ನಾಳೆ ಬೆಳಿಗ್ಗೆ ಅಂಕಿ ಇಳಿದ್ರೆ ಪೆಟ್ಟು ನಿಂತಿದೆ ಅಂತ ಅರ್ಥ. ಏರಿದ್ರೆ ಮುಂದೇನು ಮಾಡ್ಬೇಕೋ ಯೋಚಿಸೋಣ" ಎಂದರು.

ಸಂಜೆ ಮಗ ಬಂದು ಅಮ್ಮನ ಕಾಲ ಬಳಿ ಕೂತ. ಪಾಪ, ಕನ್ನಡಕ ಒರೆಸಲು ಜಗಳವೇ ಇರಲಿಲ್ಲ. ಆದರೂ ಒರೆಸಿದ, ಕಣ್ಣೂ ಒರೆಸಿಕೊಂಡ. ಅವನು ನೀರು ತರಲು ಎದ್ದು ಹೋದಾಗ ಅತ್ತೆ ಸೊಸೆಯನ್ನು ಹತ್ತಿರ ಕರೆದರು.

"ಎಲ್ಲರಿಗೂ ಹೇಳ್ತೀಯಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ ಅಂತ. ನನ್ನ ಮುಖ ನೋಡಿ ಹೇಳು. ನಾನು ಉಳೀತೀನಾ?"

ಹೌದು ಎಂದುಬಿಡುವುದು ಎಷ್ಟು ಸುಲಭವಾಗಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿಲ್ಲ ಅತ್ತೆ," ಎಂದಳು ಸೂಜಿಮಲ್ಲಿಗೆ. ಕಣ್ಣಲ್ಲಿ ನೀರು ತುಂಬಿತ್ತು. "ಮುಖ ನೋಡಿ ನನಗೇನೂ ಗೊತ್ತಾಗಲ್ಲ. ನಾಳೆ ಬೆಳಿಗ್ಗೆ ಮತ್ತೆ ಚುಚ್ಚಬೇಕು. ಆಮೇಲೆ ಹೇಳ್ತೀನಿ."

ಅತ್ತೆ ಅವಳ ಕಡೆ ತಿರುಗಿದರು. "ಮೊದಲನೇ ಸಲ ನೇರವಾಗಿ ಮಾತಾಡಿದೀಯ," ಎಂದರು. "ಚುಚ್ಚು."

ಮೂರನೆಯ ಬೆಳಗು ಅವಳು ಬರುವ ಹೊತ್ತಿಗೆ ಅತ್ತೆಯ ತೋಳು ಹೊದಿಕೆಯ ಮೇಲೆ ಸಿದ್ಧವಾಗಿತ್ತು. ಅವಳು ಟ್ಯೂಬನ್ನು ಎದೆಗೊತ್ತಿಕೊಂಡು ಲ್ಯಾಬಿಗೆ ಓಡಿದಳು. ಲ್ಯಾಬಿನ ಹಿರಿಯರು ಪರದೆ ನೋಡಿದರು, ಈ ಸಲ ಕನ್ನಡಕ ಮೇಲೇರಿಸಲಿಲ್ಲ. "ಇಳಿದಿದೆ ಕಣಮ್ಮ. ಚೆನ್ನಾಗಿ ಇಳಿದಿದೆ," ಎಂದರು. ಸೂಜಿಮಲ್ಲಿಗೆ ಆ ವಯಸ್ಸಾದ ಮನುಷ್ಯನ ಎರಡೂ ಕೈ ಹಿಡಿದು ಕುಲುಕಿದ ರಭಸಕ್ಕೆ ಮೇಜಿನ ಮೇಲಿದ್ದ ಹತ್ತಿಯ ಉಂಡೆಗಳೆಲ್ಲ ಫ್ಯಾನಿನ ಗಾಳಿಗೆ ಸಿಕ್ಕಿ ಲ್ಯಾಬಿನ ತುಂಬ ಹಾರಾಡಿದವು.

ಎದೆ ಡಾಕ್ಟರ್ ನೋಡಿ ಹೋದ ಮೇಲೆ ಅವಳು ಅತ್ತೆಯ ಬಳಿ ಕೂತಳು. ಇನ್ನು ಕೆಲವು ದಿನ ಇಲ್ಲೇ ಇರಬೇಕು, ಆಮೇಲೆ ಮನೆ, ದಿನವೂ ಮಾತ್ರೆ, ಆಗಾಗ ಪರೀಕ್ಷೆ ಎಂದೆಲ್ಲ ಹೇಳಿದಳು. ಅತ್ತೆ ಕೇಳಿಸಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು.

"ನಿನ್ನೆ ಬಿಟ್ಟು ಹೋದೋಳು ಯಾಕೆ ವಾಪಸ್ ಬಂದೆ?"

"ನಿಜ ಹೇಳ್ಲಾ? ನೀವು ಅಷ್ಟು ಒಳ್ಳೇ ಮಾತಾಡಿದ್ದು ಕೇಳಿ ಭಯ ಆಯ್ತು ಅತ್ತೆ. ನಿಮ್ಮ ಮಗನಿಗೂ ಆಯ್ತು."

ಅತ್ತೆ ಮೊದಲು ಮುಖ ಗಂಟು ಹಾಕಿದರು. ಆಮೇಲೆ ತುಟಿ ಅಲುಗಿತು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟರು; ತಂತಿಗಳು ಕುಣಿದು ಪೆಟ್ಟಿಗೆ ಕೂಗಿಕೊಂಡಿತು, ನರ್ಸ್ ಓಡಿ ಬಂದು ಇಬ್ಬರನ್ನೂ ಗದರಿಸಿ ಹೋದಳು.

ನಗು ಇಳಿದ ಮೇಲೆ ಅತ್ತೆ ಚಾವಣಿ ನೋಡುತ್ತಾ, "ಸೂಜಿ ತಪ್ಪಿಸ್ಕೊಳ್ಳಕ್ಕೆ ಹಾಗಂದೆ ಅಂದ್ಕೊಂಡಿದೀಯ ಅಲ್ವಾ?" ಎಂದರು.

"ಹೂಂ."

"ಅರ್ಧ ಅದಕ್ಕೇ ಅಂದಿದ್ದು."

ಸೂಜಿಮಲ್ಲಿಗೆ ಉಸಿರು ಬಿಗಿಹಿಡಿದು ಕೇಳಿದಳು, "ಇನ್ನರ್ಧ?"

"ಅದನ್ನೂ ನನ್ನ ಬಾಯಲ್ಲೇ ಹೇಳಿಸ್ಬೇಕಾ? ನನ್ನ ಮೂರು ಬೆಳಗಿನ ರಕ್ತ ನಿನ್ನ ಹತ್ರಾನೇ ಇದೆಯಲ್ಲ. ಅದರಲ್ಲಿ ಹುಡುಕ್ಕೋ."

ಸೂಜಿಮಲ್ಲಿಗೆ ನೀಲಿಗಟ್ಟಿದ್ದ ಆ ತೋಳನ್ನು ಮೆಲ್ಲಗೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ಅತ್ತೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.